ಎಷ್ಟು ಮಂದಿ, ಎಲ್ಲಿಗೆ? ಬಸ್ ಬಿಡೋ ಮೊದಲು ನಡೆಯೋ ಲೆಕ್ಕ ಹೀಗಿದೆ

ಹುಬ್ಬಳ್ಳಿ: ನವನಗರದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನಿಂತು ನೋಡಿ. ಒಂದಷ್ಟು ಮಂದಿ ಹುಬ್ಬಳ್ಳಿ ಕಡೆ, ಒಂದಷ್ಟು ಮಂದಿ ಧಾರವಾಡದ ಕಡೆ. ಯಾವ ಕಡೆಗೆ ಎಷ್ಟು ಬಸ್ ಬೇಕು? ರಸ್ತೆಯಲ್ಲಿ ನಿಂತು ತಲೆ ಎಣಿಸಿದರೆ ಮುಗೀತಲ್ಲ ಅನ್ನಿಸಬಹುದು. ಆದರೆ ಬಸ್ ಇಲ್ಲ ಅಂತ ಮನೆಯಲ್ಲೇ ಉಳಿದವರು ಆ ಎಣಿಕೆಗೆ ಸಿಗೋದೇ ಇಲ್ಲ. ಅದಕ್ಕೇ ನಗರ ಯೋಜಕರು ಲೆಕ್ಕವನ್ನು ಮನೆಯಿಂದಲೇ ಶುರು ಮಾಡುತ್ತಾರೆ.

ಮೊದಲು ಊರನ್ನು ಸಣ್ಣ ಸಣ್ಣ ವಲಯಗಳಾಗಿ ಹಂಚುತ್ತಾರೆ. ಪ್ರತಿ ವಲಯದಲ್ಲಿ ಎಷ್ಟು ಮನೆ, ದುಡಿಯುವವರೆಷ್ಟು, ಶಾಲೆಗೆ ಹೋಗುವವರೆಷ್ಟು, ಗಾಡಿ ಎಷ್ಟು ಎಂಬುದರ ಮೇಲೆ ದಿನಕ್ಕೆ ಹೊರಡುವ ಓಡಾಟ ಅಂದಾಜಾಗುತ್ತದೆ. ಇನ್ನೊಂದು ಕಡೆ ಜನರನ್ನು ಸೆಳೆಯುವ ಜಾಗಗಳು: ಅಮರಗೋಳದ ಎಪಿಎಂಸಿ, ಕಿಮ್ಸ್ ಆಸ್ಪತ್ರೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಕೋರ್ಟು, ಕಚೇರಿಗಳು.

ಯಾರು ಯಾವ ಕಡೆ ಹೋಗುತ್ತಾರೆ ಅನ್ನೋದಕ್ಕೆ 'ಗ್ರ್ಯಾವಿಟಿ ಮಾಡೆಲ್' ಬಳಸುತ್ತಾರೆ. ಹೌದು, ನ್ಯೂಟನ್ನನ ಗುರುತ್ವಾಕರ್ಷಣೆಯೇ! ದೊಡ್ಡ ಜಾಗ ಹೆಚ್ಚು ಎಳೆಯುತ್ತದೆ, ದೂರವಾದಷ್ಟೂ ಎಳೆತ ಕಡಿಮೆ. ಅಮೆರಿಕದ ಅಲನ್ ವೂರೀಸ್ ಎಂಬ ಎಂಜಿನಿಯರ್ 1955ರಲ್ಲಿ ಇದನ್ನು ನಗರದ ಓಡಾಟಕ್ಕೆ ಅನ್ವಯಿಸಿ ತೋರಿಸಿದರು.

ತಿಳಿಯಲಿ ಅಂತ ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಒಂದು ಬಡಾವಣೆಯಿಂದ 600 ಮಂದಿ ಕೆಲಸಕ್ಕೆ ಹೊರಡುತ್ತಾರೆ. ಹುಬ್ಬಳ್ಳಿಯಲ್ಲಿ 1,000 ಉದ್ಯೋಗ, 20 ನಿಮಿಷದ ದಾರಿ. ಧಾರವಾಡದಲ್ಲಿ 2,000 ಉದ್ಯೋಗ, ಆದರೆ 40 ನಿಮಿಷ. ಉದ್ಯೋಗದ ಸಂಖ್ಯೆಯನ್ನು ಸಮಯದ ವರ್ಗದಿಂದ ಭಾಗಿಸಿದರೆ ಹುಬ್ಬಳ್ಳಿಗೆ 2.5, ಧಾರವಾಡಕ್ಕೆ 1.25. ಅಂದರೆ 400 ಮಂದಿ ಹುಬ್ಬಳ್ಳಿಗೆ, 200 ಮಂದಿ ಧಾರವಾಡಕ್ಕೆ. ಈಗ ಧಾರವಾಡದ ದಾರಿಯೂ 20 ನಿಮಿಷಕ್ಕೆ ಇಳಿಯಿತು ಅನ್ನಿ, ಲೆಕ್ಕ ಪೂರ್ತಿ ತಿರುಗಾಮುರುಗಾ: ಧಾರವಾಡಕ್ಕೇ 400! (ನಿಜವಾದ ಯೋಜನೆಯಲ್ಲಿ ವರ್ಗವೇ ಆಗಬೇಕೆಂದಿಲ್ಲ, ಆಯಾ ಊರಿನ ಸಮೀಕ್ಷೆಗೆ ಹೊಂದುವಂತೆ ಸೂತ್ರ ತಿದ್ದುತ್ತಾರೆ.)

ಅವಳಿ ನಗರದ ನಡುವೆ 'ಚಿಗರಿ' ಬಸ್ಸಿಗೆ ಪ್ರತ್ಯೇಕ ಪಥ ಮಾಡಿದಂಥ ಕೆಲಸದಲ್ಲಿ ಇದು ಮುಖ್ಯ. ಪ್ರಯಾಣದ ಸಮಯ ಬದಲಾದರೆ ಬೇಡಿಕೆಯೇ ಬದಲಾಗುತ್ತದೆ, ಹಳೆಯ ತಲೆ ಎಣಿಕೆ ಕೆಲಸಕ್ಕೆ ಬರೋಲ್ಲ. ಆಮೇಲೆ ಬಸ್ಸೋ ಬೈಕೋ, ಯಾವ ರಸ್ತೆ ಅನ್ನೋದನ್ನೂ ಅಂದಾಜು ಮಾಡುತ್ತಾರೆ.

ಇಷ್ಟೆಲ್ಲ ಲೆಕ್ಕ ನಿಂತಿರೋದು ಮನೆ ಬಾಗಿಲಿಗೆ ಬರುವ ಸಮೀಕ್ಷೆಯವರ ಫಾರ್ಮಿನ ಮೇಲೆ. "ನಿನ್ನೆ ಯಾರ‍್ಯಾರು ಎಲ್ಲೆಲ್ಲಿ ಹೋಗಿ ಬಂದ್ರಿ?" ಅಂತ ಕೇಳಿದರೆ ನಾವು ಗಂಡಸರ ಆಫೀಸು, ಮಕ್ಕಳ ಕಾಲೇಜು ಹೇಳಿ ಸುಮ್ಮನಾಗುತ್ತೇವೆ. "ನಾ ಎಲ್ಲೂ ಹೋಗಿಲ್ರಿ, ಮನ್ಯಾಗ ಇದ್ದೆ" ಅನ್ನುವ ಅಕ್ಕನೇ ಬೆಳಿಗ್ಗೆ ಮಗುವನ್ನು ಅಂಗನವಾಡಿಗೆ ಬಿಟ್ಟು, ಸಂತೆ ಮುಗಿಸಿ, ಅತ್ತೆಯನ್ನು ದವಾಖಾನೆಗೆ ಕರಕೊಂಡು ಹೋಗಿ ಬಂದಿರುತ್ತಾಳೆ. ಫಾರ್ಮಿನಲ್ಲಿ ಆಕೆಯ ಹೆಸರಿನ ಮುಂದೆ ಸೊನ್ನೆ ಬೀಳುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಆ ಬಡಾವಣೆಗೆ ಬಸ್ ಬೇಕಿಲ್ಲ ಅಂತ ತೀರ್ಮಾನವಾಗೋದು ಇಂಥ ಸೊನ್ನೆಗಳನ್ನು ಕೂಡಿಸಿಯೇ.