ಅಲೆಯ ಮೇಲೊಂದು ನಡಿಗೆ

ಪ್ರಶ್ನೆ: ಮಾರ್ಚ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದೇನೆ. ನೂಸಾದ ಸರ್ಫಿಂಗ್ ಹಬ್ಬದಲ್ಲಿ ಈಜು ಬಾರದವರಿಗೆ ನೋಡಲು ಏನಿದೆ?

ಉತ್ತರ: ಬೇಕಾದಷ್ಟಿದೆ. ಬ್ರಿಸ್ಬೇನ್‌ನ ಉತ್ತರಕ್ಕಿರುವ ನೂಸಾದಲ್ಲಿ ಅಲೆಗಳು ಭೂಶಿರವನ್ನು ಬಳಸಿ, ಒಂದು ತುದಿಯಿಂದ ಮುರಿಯುತ್ತ ದಡದ ಗುಂಟ ಸಾಗುತ್ತವೆ. ಹಾಗಾಗಿ ಸವಾರಿ ದೀರ್ಘ. ಮರಳಲ್ಲಿ ಕುಳಿತವರಿಗೂ ಕಣ್ಣಳತೆಯ ನೋಟ.

ಈ ಹಬ್ಬದ ಮುಖ್ಯ ಆಕರ್ಷಣೆ ಲಾಂಗ್‌ಬೋರ್ಡ್ ಸವಾರಿ. ಲಾಂಗ್‌ಬೋರ್ಡ್ ಎಂದರೆ ಸಾಮಾನ್ಯವಾಗಿ 9 ಅಡಿ ಅಥವಾ ಅದಕ್ಕೂ ಉದ್ದದ ಹಲಗೆ. ಸವಾರರು ಅದರ ಮೇಲೆ ಅಡ್ಡಹೆಜ್ಜೆ ಹಾಕುತ್ತ ಮೂತಿಗೆ ಬಂದು, ಹತ್ತೂ ಕಾಲ್ಬೆರಳುಗಳನ್ನು ಅಂಚಿನಾಚೆ ಚಾಚುತ್ತಾರೆ. ಇದೇ ‘ಹ್ಯಾಂಗ್ ಟೆನ್’. ಹಲಗೆಯ ಹಿಂಬದಿಯನ್ನು ಅಲೆಯ ನೀರು ಅದುಮಿ ಹಿಡಿಯುವುದರಿಂದ ಮುಂಬದಿ ಮುಳುಗದು. ಈ ನಡಿಗೆಯ ಲಾಲಿತ್ಯವನ್ನೇ ಗಮನಿಸಿ.

ನಾಯಿಗಳ ಸರ್ಫಿಂಗ್ ಇದ್ದರೆ ತಪ್ಪಿಸಿಕೊಳ್ಳಬೇಡಿ. ಸಮುದ್ರ ವೇಳಾಪಟ್ಟಿ ಓದುವುದಿಲ್ಲ; ಅಲೆ ಸರಿಯಿಲ್ಲದಿದ್ದರೆ ಸ್ಪರ್ಧೆ ಮುಂದಕ್ಕೆ ಹೋಗಬಹುದು. ಹಾಗಾಗಿ ಎರಡು ದಿನ ಬಿಡುವಿಟ್ಟುಕೊಳ್ಳಿ. ಟೋಪಿ ಮರೆಯಬೇಡಿ.