ಎಂಟು ಸೋಲಿನ ಬಳಿಕ ಒಂಬತ್ತನೆಯ ಆಟ

ರಾಯಬಾಗದಿಂದ ಕುಡಚಿ, ಉಗಾರಗಳ ಮೇಲೆ ಅಥಣಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ನನ್ನ ಪಕ್ಕದಲ್ಲಿ ಕಾಲೇಜಿನ ವಿದ್ಯಾರ್ಥಿಯೊಬ್ಬ ಕುಳಿತಿದ್ದ. ಆತನ ಕೈಯಲ್ಲಿದ್ದ ಮೊಬೈಲಿನ ಪರದೆಯ ಮೇಲೆ ಒಂದು ಹಸಿರು ಮೇಜು, ಸುತ್ತಲೂ ಒಂಬತ್ತು ಆಸನಗಳು, ನಡುವೆ ಇಸ್ಪೀಟಿನ ಎಲೆಗಳು. ಆಟದ ಹೆಸರು ಪೋಕರ್. ಹಣವಿಟ್ಟು ಆಡುವುದಲ್ಲ, ಪುಕ್ಕಟೆ ಬಿಲ್ಲೆಗಳ ಪಂದ್ಯ. ಒಂಬತ್ತು ಜನ ಸಮನಾದ ಬಿಲ್ಲೆಗಳೊಡನೆ ತೊಡಗುವರು. ಬಿಲ್ಲೆ ಕಳೆದುಕೊಂಡವನು ಹೊರಗೆ. ಕೊನೆಗೆ ಉಳಿದವನೇ ವಿಜಯಿ. ನಾನು ನೋಡುತ್ತಿದ್ದಂತೆ ಆತ ಹೊರಬಿದ್ದ. ಮುಖ ಕೆಂಪಾಯಿತು. ಮರುಕ್ಷಣವೇ ಮತ್ತೊಂದು ಪಂದ್ಯಕ್ಕೆ ಬೆರಳಿಟ್ಟ.

“ಎಂಟ ಸಲ ಸೋತೀನ್ರೀ ಸರ. ಇನ್ನ ಒಂಬತ್ತನೇದು ನಂದ ಬರಬೇಕಲ್ರೀ?” ಎಂದು ನನ್ನನ್ನೇ ಕೇಳಿದ.

ಈ ಪ್ರಶ್ನೆಯನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಪಾಸ್ಕಲ್ ಮತ್ತು ಫರ್ಮಾ ಎಂಬ ಫ್ರಾನ್ಸಿನ ಗಣಿತಜ್ಞರು 1654ರಲ್ಲಿ ಜೂಜಿನ ಸಮಸ್ಯೆಗಳನ್ನು ಕುರಿತು ಪರಸ್ಪರ ಬರೆದುಕೊಂಡ ಕಾಗದಗಳಿಂದಲೇ ಸಂಭಾವ್ಯತಾ ಗಣಿತವೆಂಬ ಶಾಸ್ತ್ರವು ಬೆಳೆಯಿತು. ಇಂದು ವಿಮೆ, ಹವಾಮಾನ, ವೈದ್ಯ, ನೀರಾವರಿ ಯಾವುದೂ ಆ ಶಾಸ್ತ್ರವಿಲ್ಲದೆ ನಡೆಯದು. ಆದುದರಿಂದ ಹುಡುಗನ ಪ್ರಶ್ನೆಗೆ ಗಣಿತದಿಂದಲೇ ಉತ್ತರ ಹೇಳೋಣ.

ಒಂಬತ್ತು ಜನರೂ ಸಮಾನ ಕುಶಲರೆಂದು ಭಾವಿಸಿದರೆ ಒಂದು ಪಂದ್ಯದಲ್ಲಿ ಒಬ್ಬನು ಗೆಲ್ಲುವ ಸಂಭಾವ್ಯತೆ ಒಂಬತ್ತರಲ್ಲಿ ಒಂದು, ಸೋಲುವುದು ಒಂಬತ್ತರಲ್ಲಿ ಎಂಟು. ಸತತವಾಗಿ ಎಂಟು ಪಂದ್ಯ ಸೋಲುವ ಸಂಭಾವ್ಯತೆ ತಿಳಿಯಲು 8/9 ಎಂಬುದನ್ನು ಎಂಟು ಸಲ ಗುಣಿಸಬೇಕು. ಉತ್ತರ 0.39. ಅಂದರೆ ಇಂಥ ನೂರು ಆಟಗಾರರಲ್ಲಿ ಸುಮಾರು ಮೂವತ್ತೊಂಬತ್ತು ಮಂದಿಗೆ ಇದೇ ಗತಿ. ಇದರಲ್ಲಿ ಶನಿಕಾಟವೇನೂ ಇಲ್ಲ. ಇನ್ನು ಒಂಬತ್ತನೆಯದು? ಅದೂ ಒಂಬತ್ತರಲ್ಲಿ ಒಂದೇ, ಕೂದಲೆಳೆಯಷ್ಟೂ ಹೆಚ್ಚಲ್ಲ. ಹಿಂದಿನ ಎಂಟು ಪಂದ್ಯಗಳಲ್ಲಿ ಏನಾಯಿತೆಂದು ಎಲೆಗಳಿಗೆ ನೆನಪಿರುವುದಿಲ್ಲ. ಯದೃಚ್ಛೆಯು ನಮ್ಮ ಹೆಸರಿನಲ್ಲಿ ಖಾತೆ ತೆರೆದು ಜಮಾ–ಖರ್ಚು ಬರೆದಿಟ್ಟುಕೊಂಡಿಲ್ಲ.

1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋ ನಗರದ ಜೂಜುಮನೆಯಲ್ಲಿ ತಿರುಗುವ ಚಕ್ರದ ಗುಂಡು ಸಾಲಾಗಿ 26 ಸಲ ಕಪ್ಪು ಮನೆಯಲ್ಲೇ ಬಿದ್ದಿತು. ಪ್ರತಿಸಲವೂ ‘ಇನ್ನು ಕೆಂಪೇ ಬರಬೇಕು’ ಎಂದು ಜನ ಪಣವನ್ನು ಏರಿಸಿದರು, ಅಪಾರ ಹಣ ಕಳೆದುಕೊಂಡರು. ಪಣವನ್ನು ಇಮ್ಮಡಿಸುತ್ತ ಹೋಗುವ ಈ ಹಟದ ಲೆಕ್ಕವನ್ನು ವಾಚಕರು ಬೆರಳೆಣಿಸಿ ನೋಡಬಹುದು. ಹತ್ತು ರೂಪಾಯಿಯಿಂದ ತೊಡಗಿ ಸೋತಾಗಲೆಲ್ಲ ದುಪ್ಪಟ್ಟು ಕಟ್ಟಿದರೆ, ಎಂಟು ಸೋಲಿನ ಹೊತ್ತಿಗೆ ಹೋದದ್ದು 2550 ರೂಪಾಯಿ. ಒಂಬತ್ತನೆಯ ಆಟಕ್ಕೆ ಕಟ್ಟಬೇಕಾದದ್ದು 2560. ಗೆದ್ದರೆ ನಿವ್ವಳ ಲಾಭ ಹತ್ತೇ ರೂಪಾಯಿ!

ಬಸ್ಸು ಕೃಷ್ಣೆಯ ಸೇತುವೆಯ ಮೇಲೆ ಬಂದಿತ್ತು. ಮುಂದಿನ ಆಸನದ ಹಿರಿಯರೊಬ್ಬರು ನಮ್ಮ ಮಾತನ್ನು ಕೇಳುತ್ತಿದ್ದವರು ತಿರುಗಿ ಹೇಳಿದರು: “ನಾವೂ ಹಂಗs ಲೆಕ್ಕ ಹಾಕಿದ್ವಿ ನೋಡ್ರಿ. ಹತ್ತೊಂಬತ್ತಕ್ಕ ಹೊಳಿ ಬಂದು ಮನಿ ತೊಳಕೊಂಡು ಹೋತು. ಇನ್ನ ಹತ್ತಿಪ್ಪತ್ತ ವರ್ಷ ಚಿಂತಿಲ್ಲ ಅಂದ್ವಿ. ಇಪ್ಪತ್ತೊಂದಕ್ಕ ಮತ್ತ ಬಂತು.”

ನನಗೆ ಆ ಮಾತು ಪುಸ್ತಕದ ಯಾವ ಉದಾಹರಣೆಗಿಂತಲೂ ಮಿಗಿಲಾಗಿ ಕಂಡಿತು. ಹುಡುಗ ‘ಇನ್ನು ಬರಲೇಬೇಕು’ ಎಂದ. ಹಿರಿಯರು ‘ಇನ್ನು ಬರಲಾರದು’ ಎಂದಿದ್ದರು. ತಪ್ಪು ಒಂದೇ, ಮುಖ ಎರಡು. ಕೃಷ್ಣೆ, ದೂಧಗಂಗೆ, ವೇದಗಂಗೆಗಳು 2005ರಲ್ಲಿ ಉಕ್ಕಿದವು, 2019ರಲ್ಲಿ ಉಕ್ಕಿದವು, ಎರಡೇ ವರ್ಷ ಕಳೆದು 2021ರಲ್ಲಿ ಮತ್ತೆ ಉಕ್ಕಿದವು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಹೊಳೆಸಾಲಿನ ಜನ ಮನೆ ಬಿಟ್ಟು ಹೊರಟರು. ನಿಪ್ಪಾಣಿಯ ಬಳಿ ಹೆದ್ದಾರಿಯ ಮೇಲೆ ನೀರು ಬಂದು ಸಂಚಾರ ನಿಂತಿತು. ಎಂಜಿನಿಯರರು ‘ನೂರು ವರ್ಷದ ನೆರೆ’ ಎಂದಾಗ ಅದು ನೂರು ವರ್ಷಕ್ಕೊಮ್ಮೆ ಸರದಿಯಂತೆ ಬರುವುದೆಂದು ಅರ್ಥವಲ್ಲ. ಯಾವುದೇ ವರ್ಷ ಅದು ಬರುವ ಸಂಭಾವ್ಯತೆ ನೂರರಲ್ಲಿ ಒಂದು ಎಂದಷ್ಟೇ ಅರ್ಥ. ಹೊಳೆಯ ದಂಡೆಯಲ್ಲಿ ಮೂವತ್ತು ವರ್ಷ ಬಾಳುವವನಿಗೆ ಅಂಥದೊಂದನ್ನಾದರೂ ಕಾಣುವ ಸಂಭಾವ್ಯತೆ ನೂರರಲ್ಲಿ ಇಪ್ಪತ್ತಾರು. (ಹೊಳೆ ಇಸ್ಪೀಟಿನಷ್ಟು ನಿರ್ಮಮವಲ್ಲವೆಂಬುದನ್ನೂ ಹೇಳಬೇಕು. ಸಹ್ಯಾದ್ರಿಯ ಮಳೆ, ಕೊಯ್ನಾ ಮೊದಲಾದ ಜಲಾಶಯಗಳಿಂದ ಹೊರಬಿಡುವ ನೀರು, ಬದಲಾಗುತ್ತಿರುವ ಹವೆ ಇವೆಲ್ಲ ಲೆಕ್ಕವನ್ನು ಇನ್ನೂ ಜಟಿಲಗೊಳಿಸುತ್ತವೆ.)

ಹಾಗಾದರೆ ಆಟದಲ್ಲಿ ಕುಶಲತೆಗೆ ಬೆಲೆಯೇ ಇಲ್ಲವೇ? ಇದೆ. ಆದರೆ ಅದು ಬೆಳಕಿಗೆ ಬರುವುದು ಬಲು ನಿಧಾನ. ಪೋಕರಿನ ಬಹು ಬಳಕೆಯ ಪ್ರಕಾರದಲ್ಲಿ ಪ್ರತಿಯೊಬ್ಬನಿಗೆ ಎರಡು ಗುಪ್ತ ಎಲೆಗಳು, ಎಲ್ಲರಿಗೂ ಸಾಮಾನ್ಯವಾಗಿ ಐದು ಎಲೆಗಳು. 52 ಎಲೆಗಳಿಂದ ಎರಡನ್ನು 1326 ವಿಧವಾಗಿ ಆಯಬಹುದು. ಅವುಗಳಲ್ಲಿ ಎರಡೂ ಎಕ್ಕವಾಗಿರುವುವು ಆರು ಮಾತ್ರ. ಎಂದರೆ 221 ಹಂಚಿಕೆಗೆ ಸರಾಸರಿ ಒಮ್ಮೆ ಈ ಭಾಗ್ಯ. ಎದುರಾಳಿಯ ಕೈಯಲ್ಲಿ ಜೋಡಿ ರಾಜರಿದ್ದರೆ ಜೋಡಿ ಎಕ್ಕದವನು ನೂರರಲ್ಲಿ ಸುಮಾರು 82 ಸಲ ಗೆಲ್ಲುವನು. ಎಂಥ ಭದ್ರ ಸ್ಥಿತಿ! ಆದರೂ ಇಂಥ ಐದು ಮುಖಾಮುಖಿಗಳನ್ನು ಒಂದರ ಹಿಂದೊಂದು ಗೆಲ್ಲುವ ಸಂಭಾವ್ಯತೆ ನೂರರಲ್ಲಿ 37 ಮಾತ್ರ. ಐದೂ ಸಲ ಸರಿಯಾದುದನ್ನೇ ಮಾಡಿದವರಲ್ಲಿ ಹೆಚ್ಚಿನವರು ಎಲ್ಲೋ ಒಂದು ಕಡೆ ಸೋತೇ ಸೋಲುತ್ತಾರೆ. ನಿರ್ಣಯದ ಗುಣವೇ ಬೇರೆ, ಫಲದ ಗುಣವೇ ಬೇರೆ. ಸೋತವನು ಮೊದಲು ಕೇಳಿಕೊಳ್ಳಬೇಕಾದದ್ದು ‘ಸೋತೆನೇಕೆ’ ಎಂದಲ್ಲ, ‘ಆ ಹೊತ್ತಿಗೆ ನನಗೆ ತಿಳಿದಿದ್ದುದರ ಮೇಲೆ ನಾನು ಮಾಡಿದ್ದು ಸರಿಯೇ’ ಎಂದು.

ಕುಶಲನೊಬ್ಬನು ಒಂಬತ್ತಕ್ಕೊಮ್ಮೆಯ ಬದಲು ಆರಕ್ಕೊಮ್ಮೆ ಗೆಲ್ಲುವನೆಂದು ಇಟ್ಟುಕೊಳ್ಳಿ. ಅವನೂ ಎಂಟು ಪಂದ್ಯ ಸತತವಾಗಿ ಸೋಲುವ ಸಂಭಾವ್ಯತೆ ನೂರರಲ್ಲಿ 23. ಆದುದರಿಂದ ಎಂಟು ಸೋಲುಗಳನ್ನು ಮಾತ್ರ ಕಂಡು ನಮ್ಮ ಬಸ್ಸಿನ ಹುಡುಗ ಜಾಣನೋ ಸಾಧಾರಣನೋ ಎಂದು ಯಾರೂ ಹೇಳಲಾರರು, ಅವನೂ ಹೇಳಲಾರ. 36 ಪಂದ್ಯವಾದ ಮೇಲೂ ಒಬ್ಬನಿಗೆ ಸರಾಸರಿ ನಾಲ್ಕು ಗೆಲುವು, ಇನ್ನೊಬ್ಬನಿಗೆ ಆರು. ಯದೃಚ್ಛೆಯ ಏರುಪೇರೇ ಎರಡರಷ್ಟು ಇರುವುದರಿಂದ ಅಂತರ ಮಸುಕಾಗಿಯೇ ಉಳಿಯುತ್ತದೆ. 400 ಪಂದ್ಯಗಳಲ್ಲಾದರೋ ಸಾಧಾರಣನಿಗೆ 44, ಕುಶಲನಿಗೆ 67, ಏರುಪೇರು ಆರೇಳು. ಈಗ ಇಬ್ಬರನ್ನೂ ಬೇರ್ಪಡಿಸಬಹುದು. ಪಂದ್ಯಗಳು ಹೆಚ್ಚಿದಂತೆ ಏರುಪೇರು ಅವುಗಳ ವರ್ಗಮೂಲದಷ್ಟೇ ಬೆಳೆಯುತ್ತದೆ, ಕುಶಲತೆಯ ಅಂತರವು ಪಂದ್ಯಗಳಷ್ಟೇ ಬೆಳೆಯುತ್ತದೆ. ತಾಳ್ಮೆಗೆ ಗಣಿತವು ಕೊಡುವ ಆಧಾರ ಇದೊಂದೇ.

ಆದರೆ ತಾಳ್ಮೆಯೆಂದರೆ ಕೈಕಟ್ಟಿ ಕೂಡುವುದೆಂದು ತಿಳಿಯಬಾರದು. ಪಂದ್ಯದಲ್ಲಿ ಪ್ರತಿ ಸುತ್ತಿಗೂ ಕಟ್ಟಲೇಬೇಕಾದ ಪಣಗಳಿವೆ. ಹೊತ್ತು ಕಳೆದಂತೆ ಅವು ಏರುತ್ತವೆ. ಒಂಬತ್ತು ಹಂಚಿಕೆಗಳಲ್ಲಿ ಒಮ್ಮೆ ದೊಡ್ಡ ಪಣವನ್ನೂ ಒಮ್ಮೆ ಅದರ ಅರ್ಧವನ್ನೂ ತೆರಬೇಕು. ಹತ್ತು ದೊಡ್ಡ ಪಣಗಳಷ್ಟು ಬಿಲ್ಲೆ ಉಳಿದವನು ಏನೂ ಮಾಡದೆ ಕುಳಿತರೆ ಅರವತ್ತು ಹಂಚಿಕೆಗಳಲ್ಲಿ ಬರಿಗೈ. ಆ ಅರವತ್ತರಲ್ಲಿ ಜೋಡಿ ಎಕ್ಕ ಬರುವ ಸಂಭಾವ್ಯತೆ ನಾಲ್ಕರಲ್ಲಿ ಒಂದಕ್ಕಿಂತಲೂ ಕಡಮೆ. ಅಥಣಿಯ ಕಡೆಯ ಎರೆಭೂಮಿಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂಗಾರಿ ಜೋಳಕ್ಕೆ ಆತ ಉತ್ತರಿ, ಹಸ್ತ ಮಳೆಗಳ ದಾರಿ ಕಾಯುತ್ತಾನೆ. ಆದರೆ ಸರ್ವಾಂಗಸುಂದರವಾದ ಹದವೇ ಬೇಕೆಂದು ಕುಳಿತರೆ ಬಿತ್ತುವ ಕಾಲವೇ ಮೀರುತ್ತದೆ. ಇದ್ದ ಹದದಲ್ಲಿ ಬಿತ್ತಿ, ಎಲ್ಲ ಬೀಜವನ್ನೂ ಒಂದೇ ಹೊಲಕ್ಕೆ ಸುರಿಯದೆ ಮನೆಯಲ್ಲಿ ಒಂದಿಷ್ಟು ಉಳಿಸಿಕೊಳ್ಳುವವನೇ ಮಳೆ ಕೈಕೊಟ್ಟರೆ ಎರಡನೆಯ ಸಲ ಬಿತ್ತಬಲ್ಲ. ಪಣದ ಅಳತೆಯ ವಿಷಯದಲ್ಲಿಯೂ ಗಣಿತ ಹೇಳುವುದು ಇದನ್ನೇ: ಕೈಯಲ್ಲಿರುವುದರ ಸಣ್ಣ ಭಾಗವನ್ನು ಮಾತ್ರ ಒಡ್ಡುವವನು ದೀರ್ಘವಾದ ಸೋಲಿನ ಸರಣಿಯನ್ನು ದಾಟಿ ಉಳಿಯಬಲ್ಲ.

ಇಷ್ಟೆಲ್ಲ ತಿಳಿದಿದ್ದರೂ ಸೋತ ಗಳಿಗೆಯಲ್ಲಿ ಬುದ್ಧಿ ಏಕೆ ಕೆಡುತ್ತದೆ? ಕಾನೆಮನ್ ಮತ್ತು ಟ್ವೆರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಲಾಭದ ಸಂತೋಷಕ್ಕಿಂತ ಅಷ್ಟೇ ಮೊತ್ತದ ನಷ್ಟದ ನೋವು ಹೆಚ್ಚೆಂದು ತೋರಿಸಿದರು. ಅದು ಸುಮಾರು ಎರಡು ಪಟ್ಟು ಎಂಬ ಅಂದಾಜು ಆಮೇಲೆ ಬಂದಿತು. ನಷ್ಟದಲ್ಲಿರುವವನು ಅದನ್ನು ಒಮ್ಮೆಲೇ ತೊಡೆದುಹಾಕಲು ಎಂದೂ ಕೈಹಾಕದ ಸಾಹಸಕ್ಕೆ ಕೈಹಾಕುತ್ತಾನೆ. ಧರ್ಮರಾಜನು ತಮ್ಮಂದಿರನ್ನೂ ತನ್ನನ್ನೂ ಪಣವಾಗಿ ಒಡ್ಡಿದ್ದು ಮೊದಲ ಹಾಸಂಗಿಗೇ ಅಲ್ಲ, ಸೋಲಿನ ಮೇಲೆ ಸೋಲು ಬಂದ ಬಳಿಕ. ಪೋಕರ್ ಆಡುವವರು ಈ ಸ್ಥಿತಿಯನ್ನು ‘ಟಿಲ್ಟ್’ ಎನ್ನುತ್ತಾರೆ, ವಾಲಿಕೆ ಎನ್ನೋಣ. ಮೇಜಿನ ಮುಂದೆ ಎಲೆ ಕಲಸಲು ಒಂದಷ್ಟು ಹೊತ್ತು ಹಿಡಿಯುತ್ತದೆ, ಕೋಪ ಇಳಿಯಲು ಅವಕಾಶವುಂಟು. ಮೊಬೈಲಿನಲ್ಲಿ ಮುಂದಿನ ಪಂದ್ಯ ಒಂದು ಬೆರಳಿನಷ್ಟೇ ದೂರ. 2017ರ ಜನವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಲಿಬ್ರೇಟಸ್’ ಎಂಬ ಗಣಕಕ್ರಮವು ನಾಲ್ವರು ನುರಿತ ಆಟಗಾರರನ್ನು 1,20,000 ಹಂಚಿಕೆಗಳಲ್ಲಿ ಸೋಲಿಸಿತು. ಅದರ ಲೆಕ್ಕಾಚಾರದ ಶಕ್ತಿ ಅದ್ಭುತವೇ ಸರಿ. ಆದರೆ ಸೋತ ಮರುಗಳಿಗೆಯಲ್ಲೂ ಅದಕ್ಕೆ ಮುಖ ಕೆಂಪಾಗದೆಂಬುದು ಸಣ್ಣ ಅನುಕೂಲವಲ್ಲ.

ಸೋತು ಮತ್ತೆ ಎದ್ದವರ ಕಥೆ ನಮ್ಮಲ್ಲಿಯೇ ಉಂಟು. ಪುಷ್ಕರನಿಗೆ ರಾಜ್ಯ ಸೋತ ನಳನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನಲ್ಲಿ ಸಾರಥಿಯಾಗುತ್ತಾನೆ. ದಾರಿಯಲ್ಲಿ ಋತುಪರ್ಣನು ತಾರೆಮರವೊಂದನ್ನು ನೋಡಿ ಅದರ ಎಲೆಕಾಯಿಗಳ ಸಂಖ್ಯೆಯನ್ನು ಹೇಳುತ್ತಾನೆ; ನಳನು ರಥ ನಿಲ್ಲಿಸಿ ಎಣಿಸಿದರೆ ಲೆಕ್ಕ ಸರಿಯಾಗಿಯೇ ಇದೆ! ಮಹಾಭಾರತದ ವನಪರ್ವದ ಈ ಪ್ರಸಂಗವನ್ನು ಸಂಭಾವ್ಯತಾಶಾಸ್ತ್ರದ ಇತಿಹಾಸಕಾರರೂ ಆಸಕ್ತಿಯಿಂದ ಓದಿದ್ದಾರೆ. ನಳನು ಕುದುರೆಯ ವಿದ್ಯೆಯನ್ನು ಕೊಟ್ಟು ಅಕ್ಷಹೃದಯವನ್ನು, ಎಂದರೆ ಪಗಡೆಯ ಮರ್ಮವನ್ನು, ಪಡೆಯುತ್ತಾನೆ. ಸೋತ ರಾತ್ರಿಯೇ ಮರಳಿ ಪಣ ಒಡ್ಡಲಿಲ್ಲ. ಕಲಿತು ಬಂದು ಒಡ್ಡಿದ.

ಒಂದು ಸಂಗತಿ ಮರೆಯಬಾರದು. ಹಣದ ಪಂದ್ಯಗಳಲ್ಲಿ ಮೇಜು ನಡೆಸುವವನು ಪ್ರತಿಸಲವೂ ತನ್ನ ಪಾಲು ಕತ್ತರಿಸಿಕೊಳ್ಳುವುದರಿಂದ ಆಟಗಾರರೆಲ್ಲರ ಒಟ್ಟು ಲೆಕ್ಕ ನಷ್ಟವೇ. ಸರಾಸರಿಯೇ ಋಣವಾಗಿದ್ದವನು ತಾಳ್ಮೆಯಿಂದ ಆಡಿದಷ್ಟೂ ನಷ್ಟ ಖಚಿತವಾಗುತ್ತದೆ. ವರ್ಗಮೂಲದ ನಿಯಮ ಆಗ ಅವನಿಗೆ ವೈರಿ. ಕರ್ನಾಟಕವು 2021ರಲ್ಲಿ ತಂದ ನಿಷೇಧವನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತ್ತು. ಬಳಿಕ ಸಂಸತ್ತು, ಕುಶಲತೆಯ ಆಟವಾಗಲಿ ಅದೃಷ್ಟದ ಆಟವಾಗಲಿ, ಅಂತರ್ಜಾಲದಲ್ಲಿ ಹಣವಿಟ್ಟು ಆಡುವುದೆಲ್ಲವನ್ನೂ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು.

ಉಗಾರ ದಾಟಿದ ಮೇಲೆ ಹುಡುಗನಿಗೆ ಒಂದು ಪ್ರಯೋಗ ಹೇಳಿದೆ. ಮೊದಲು ಮನಸ್ಸಿನಲ್ಲಿಯೇ ನಾಣ್ಯವನ್ನು ನೂರು ಸಲ ಚಿಮ್ಮಿದಂತೆ ಕಲ್ಪಿಸಿ, ತಲೆ ಅಥವಾ ಬಾಲ ಎಂದು ಬರೆಯುತ್ತ ಹೋಗಬೇಕು. ಅನಂತರ ನಿಜವಾಗಿ ಚಿಮ್ಮಿ ಬರೆಯಬೇಕು. ನಿಜವಾದ ನೂರು ಚಿಮ್ಮುಗೆಗಳಲ್ಲಿ ಒಂದೇ ಮುಖ ಆರು ಅಥವಾ ಹೆಚ್ಚು ಸಲ ಸಾಲಾಗಿ ಬರುವ ಸಂಭಾವ್ಯತೆ ನೂರರಲ್ಲಿ ಎಂಬತ್ತು. ಇದನ್ನು ಮಾತ್ರ ಆತನಿಗೆ ಹೇಳಲಿಲ್ಲ. ಆತ ಮೊಬೈಲನ್ನು ಜೇಬಿಗಿಟ್ಟು ನೋಟ್‌ಪುಸ್ತಕ ತೆಗೆದ. ಅಥಣಿಯ ನಿಲ್ದಾಣ ಬಂದಾಗ ಕಲ್ಪನೆಯ ಪಟ್ಟಿ ನಲವತ್ತಕ್ಕೆ ಬಂದಿತ್ತು. ಅದರಲ್ಲಿ ಮೂರಕ್ಕಿಂತ ಉದ್ದದ ಸಾಲು ಒಂದೂ ಇರಲಿಲ್ಲ.