ಮರಿನಾಯಿಗೆ ರಕ್ತಬೇಧಿಯೇ? ಕಷಾಯ ಕುಡಿಸುತ್ತ ಕೂರಬೇಡಿ

ಕೊಡಗಿನಲ್ಲಿ ನಾಯಿ ಇಲ್ಲದ ತೋಟದ ಮನೆ ಅಪರೂಪ. ವಿರಾಜಪೇಟೆ, ಸೋಮವಾರಪೇಟೆಯ ಪೇಟೆಮನೆಗಳಲ್ಲೂ ಮಕ್ಕಳ ಹಟಕ್ಕೆ ಒಂದು ಮರಿ ಬಂದು ಸೇರಿರುತ್ತದೆ. ನಿನ್ನೆಯವರೆಗೆ ಚಪ್ಪಲಿ ಕಚ್ಚಿ ಓಡುತ್ತಿದ್ದ ಮರಿ ಇವತ್ತು ಅನ್ನ ಮೂಸುವುದಿಲ್ಲ, ಮೂಲೆ ಹಿಡಿಯುತ್ತದೆ, ವಾಂತಿ ಮಾಡುತ್ತದೆ. ಸಂಜೆಗೆ ಗಬ್ಬುನಾತದ, ರಕ್ತ ಬೆರೆತ ಬೇಧಿ. "ಜಂತುಹುಳ ಇರಬೇಕು ಬಿಡಿ" ಎನ್ನುತ್ತಾರೆ ಪಕ್ಕದ ಮನೆಯವರು. ಇರಬಹುದು. ಆದರೆ ಒಂದೂವರೆಯಿಂದ ಆರು ತಿಂಗಳೊಳಗಿನ, ಲಸಿಕೆ ಹಾಕಿಸದ ಮರಿಯಾದರೆ ಮೊದಲು ಅನುಮಾನಿಸಬೇಕಾದದ್ದು ಪಾರ್ವೊ ರೋಗವನ್ನು.

1978ರ ಹೊತ್ತಿಗೆ ಹಲವು ದೇಶಗಳಲ್ಲಿ ಕಾಣಿಸಿಕೊಂಡ ಈ ವೈರಸ್ 1980ರ ದಶಕದ ಮೊದಲಲ್ಲೇ ಭಾರತಕ್ಕೂ ಬಂತು. ಕರುಳಿನ ಒಳಪದರವನ್ನು ಹೊಸದು ಮಾಡುತ್ತಿರುವ ಜೀವಕೋಶಗಳನ್ನೇ ಅದು ಕೊಲ್ಲುತ್ತದೆ. ಮೂಳೆಯ ಮಜ್ಜೆಯನ್ನೂ ಬಿಡುವುದಿಲ್ಲ. ಬಿಳಿ ರಕ್ತಕಣಗಳು ಇಳಿದುಹೋಗುತ್ತವೆ.

ಇದರ ಜೊತೆಗೇ ಇನ್ನೊಂದು ಹಾನಿ. ವೈದ್ಯರು ಅದನ್ನು 'ಆಕ್ಸಿಡೇಟಿವ್ ಸ್ಟ್ರೆಸ್' ಎನ್ನುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ. ಮಳೆಗಾಲದಲ್ಲಿ ಒರೆಸದೆ ಇಟ್ಟ ಕತ್ತಿಗೆ ತುಕ್ಕು ಹಿಡಿಯುವುದು, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು, ಇವೆಲ್ಲ ಗಾಳಿಯ ಆಮ್ಲಜನಕದ ಕೆಲಸ ತಾನೆ? ದೇಹದೊಳಗೂ ಆಮ್ಲಜನಕದಿಂದ ಹುಟ್ಟುವ ಇಂಥ ಚುರುಕಿನ ಕಣಗಳಿವೆ. ರೋಗಾಣುವನ್ನು ಕೊಲ್ಲಲು ಬಿಳಿ ರಕ್ತಕಣಗಳೇ ಅವನ್ನು ತಯಾರಿಸುತ್ತವೆ. ಆರೋಗ್ಯವಾಗಿದ್ದಾಗ ಇ ಮತ್ತು ಸಿ ಜೀವಸತ್ವ, ಸತು, ಸೆಲೆನಿಯಂಗಳ ನೆರವಿನಿಂದ ದೇಹ ಅವನ್ನು ಹತೋಟಿಯಲ್ಲಿಡುತ್ತದೆ. ಕರುಳು ಉರಿದು, ಹೊಟ್ಟೆಗಿಲ್ಲದೆ ಬಳಲಿದಾಗ ಹತೋಟಿ ತಪ್ಪಿ, ಅವು ಸ್ವಂತ ಜೀವಕೋಶಗಳ ಪೊರೆಯನ್ನೇ ಕೆಡಿಸುತ್ತವೆ. ಪಾರ್ವೊ ತಗುಲಿದ ನಾಯಿಗಳ ರಕ್ತದಲ್ಲಿ ಈ ಹಾನಿಯ ಗುರುತನ್ನು ನಮ್ಮ ದೇಶದ ಪಶುವೈದ್ಯರೇ ಕಂಡಿದ್ದಾರೆ.

ಹಾಗಂತ ಮನೆಯಲ್ಲಿರುವ ವಿಟಮಿನ್ ಗುಳಿಗೆ ನುಂಗಿಸಿದರೆ ವಾಸಿಯಾಗದು. ಜೀವ ಉಳಿಸುವುದು ಡ್ರಿಪ್ ಮತ್ತು ವಾಂತಿ ನಿಲ್ಲಿಸುವ ಇಂಜೆಕ್ಷನ್. ವಿಟಮಿನ್ ಬೇಕೇ ಬೇಡವೇ ವೈದ್ಯರು ಹೇಳಲಿ. ಚಿಕಿತ್ಸೆ ಸಿಗದ ಮರಿಗಳಲ್ಲಿ ನೂರಕ್ಕೆ 90ರವರೆಗೂ ಸಾಯುತ್ತವೆ. ಬೇಗ ಕರೆದೊಯ್ದರೆ ಹೆಚ್ಚಿನವು ಬದುಕುತ್ತವೆ. ಆದ್ದರಿಂದ ನಾಳೆ ನೋಡೋಣ ಅನ್ನಬೇಡಿ. ವಾಂತಿ ಮಾಡುತ್ತಿರುವ ಮರಿಯ ಬಾಯಿಗೆ ಹಾಲು, ಕಷಾಯ ಸುರಿಯಬೇಡಿ. ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸ ನಮಗಿರಲಿ, ನಾಯಿಯ ಮೇಲೆ ಆ ಪ್ರಯೋಗ ಬೇಡ.

ಅಡುಗೆಮನೆಯ ವಿಷಯವೂ ಒಂದಿದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳಿಗೆ ಇದೇ ತುಕ್ಕಿನಂಥ ಹಾನಿ ಮಾಡುತ್ತವೆ. ಬೇಯಿಸಿದರೂ ವಿಷ ಹೋಗದು. ಪಂದಿಕರಿ ಉಳಿದರೆ ನಾಯಿಯ ತಟ್ಟೆಗೆ ಹಾಕುವ ರೂಢಿ ಬಿಡುವುದೇ ಒಳ್ಳೆಯದು, ಅದರ ಕೊಬ್ಬೂ ಹೊಟ್ಟೆ ಕೆಡಿಸುತ್ತದೆ. ಮನುಷ್ಯರ ಪ್ಯಾರಸಿಟಮಾಲ್ ಕೂಡ ಅಪಾಯವೇ.

ಈ ವೈರಸ್ ನೆರಳಿನ ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸೋಪಿಗೆ, ಫಿನಾಯಿಲ್‌ಗೆ ಬಗ್ಗುವುದಿಲ್ಲ. ನೆಲ ತೊಳೆದ ಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಹಾಕಿ, ಹತ್ತು ನಿಮಿಷ ಬಿಡಿ. ಲಸಿಕೆ 6ರಿಂದ 8 ವಾರಕ್ಕೆ ಶುರು. ಮರಿಗೆ 16 ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ. ಒಂದೇ ಸಾಲದೇ ಎಂದರೆ ಸಾಲದು: ತಾಯಿಹಾಲಿನಿಂದ ಬಂದ ರಕ್ಷಣೆ ಲಸಿಕೆಯನ್ನೇ ತಡೆಯುತ್ತದೆ, ಅದು ಯಾವಾಗ ಇಳಿಯುತ್ತದೆಂಬುದು ಮರಿಯಿಂದ ಮರಿಗೆ ಬೇರೆ.